ಎಡಗಲ್ಲದ ಫೋಟೋ

ನನ್ನ ಇಷ್ಟು ವರ್ಷದ ಬಾಳಿನಲ್ಲಿ ಯಾರಾದರೂ ನನ್ನ ಫೋಟೋ ತೆಗೆದದ್ದು ಮೂರೇ ಸಲ. ಮೊದಲ ಎರಡರಲ್ಲಿ ನಾನು ತೀರಿಕೊಂಡವಳ ಹಾಗೆ ಕಾಣುತ್ತೇನೆ. ಇದು ನನ್ನ ಮಾತಲ್ಲ. ಜನಗಣತಿ ಬರೆದುಕೊಳ್ಳಲು ಬಂದ ಮಾಸ್ತರರೊಬ್ಬರು ಪಡಸಾಲೆಯ ಗೋಡೆಯ ಮೇಲಿನ ಫೋಟೋ ನೋಡಿ, ಚಪ್ಪಲಿ ಬಿಟ್ಟು, ಕೈಮುಗಿದು, "ಹಿರಿಯರಿಬ್ಬರೂ ಯಾವಾಗ ಹೋದರ್ರಿ?" ಎಂದು ಕೇಳಿದರು. ನಾನು ಚಹಾದ ಕಪ್ಪನ್ನು ಅವರ ಕೈಗೆ ಕೊಡುತ್ತ, "ಕುಂತವರು ಹೋಗಿ ಆರು ವರ್ಷ ಆತ್ರಿ. ಹಿಂದ ನಿಂತಾಕಿ ಇನ್ನೂ ಹೋಗಿಲ್ಲ, ನಿಮಗ ಚಹಾ ಕೊಡಾಕತ್ತಾಳ" ಎಂದೆ. ಪಾಪ, ಅವರು ಆ ಚಹಾ ಪೂರ್ತಿ ಕುಡಿಯಲಿಲ್ಲ.

ಅದು ಶ್ರೀಶೈಲಕ್ಕೆ ಹೋದಾಗ ತೆಗೆಸಿದ್ದು. ನನ್ನ ಗಂಡ ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟು, ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದವರ ಹಾಗೆ ಕುಳಿತಿದ್ದಾರೆ. ನಾನು ಹಿಂದೆ ಹುಗಿದ ಕಂಬದ ಹಾಗೆ ನಿಂತಿದ್ದೇನೆ. ಅಲ್ಲಿಯ ಫೋಟೋದವನು "ಸಹಜವಾಗಿ ನಿಲ್ಲಿ" ಎಂದು ಹೇಳಿದ್ದೇ ಇದಕ್ಕೆಲ್ಲ ಕಾರಣ. ಅವನು ಹೇಳುವ ತನಕ ನಾನು ಸಹಜವಾಗಿಯೇ ನಿಂತಿದ್ದೆ. ಇನ್ನೊಂದು ಫೋಟೋ ನನ್ನ ಮಗ ಮಲ್ಲಪ್ಪನ ಮದುವೆಯದು. ಅದರಲ್ಲಿ ಮೂರನೆಯ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡು ಇದ್ದೇನೆ. ಮೂರನೆಯದರ ಸಂಗತಿ ಬೇರೆ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯಲು ಕುಳಿತಿದ್ದೇನೆ.

ನಾನು ಕಲಿತದ್ದು ಮೂರನೆಯ ಇಯತ್ತೆ. ಅಕ್ಷರ ಕೂಡಿಸಿ ಬರೆಯುತ್ತೇನೆ, ಒತ್ತಕ್ಷರ ಬಂದಲ್ಲಿ ಸ್ವಲ್ಪ ನಿಂತು ದಣಿವಾರಿಸಿಕೊಳ್ಳುತ್ತೇನೆ. ಹೆಚ್ಚು ಕಲಿತವರು ಇದಕ್ಕೆ ಏನು ಹೇಳುತ್ತಾರೋ ನನಗೆ ತಿಳಿಯದು. ಆದರೆ ಈ 'ಸಹಜವಾಗಿ ಇರಿ' ಎನ್ನುವ ಮಾತಿನಷ್ಟು ಕೆಟ್ಟ ಅಪ್ಪಣೆ ಇನ್ನೊಂದಿಲ್ಲ. ನಮ್ಮ ಎಮ್ಮೆಗೆ ಯಾರೂ ಸಹಜವಾಗಿ ಮೇಯಿ ಎಂದು ಹೇಳುವುದಿಲ್ಲ. ಅದಕ್ಕೇ ಅದು ಅಷ್ಟು ಚೆನ್ನಾಗಿ ಮೇಯುತ್ತದೆ. ಮನುಷ್ಯರಿಗೆ ಹೇಳಿ ನೋಡಿ. ಹುಟ್ಟಿದಂದಿನಿಂದ ಜೊತೆಗೇ ಇರುವ ಎರಡು ಕೈಗಳು ಆ ಕ್ಷಣಕ್ಕೆ ನೆರೆಮನೆಯಿಂದ ಕೇಳಿ ತಂದ ಸಾಮಾನಿನ ಹಾಗೆ ಆಗುತ್ತವೆ. ಎಲ್ಲಿಡಬೇಕು, ಹೇಗೆ ಹಿಡಿಯಬೇಕು, ಏನಾದರೂ ಮುರಿದರೆ ಯಾರಿಗೆ ಉತ್ತರ ಹೇಳಬೇಕು ಒಂದೂ ತಿಳಿಯುವುದಿಲ್ಲ.

ಗಂಡಸರಿಗೆ ಈ ಕಷ್ಟ ಒಂದೆರಡು ನಿಮಿಷದ್ದು. ಹೆಣ್ಣುಮಕ್ಕಳಿಗೆ, ಅದರಲ್ಲೂ ಮದುವೆಗೆ ಬಂದ ಹೆಣ್ಣುಮಕ್ಕಳಿಗೆ, ಇದು ಬಾಳಿನ ಪ್ರಶ್ನೆ. ನನ್ನ ಕಾಲದಲ್ಲಿ ಫೋಟೋದ ಗೊಡವೆಯೇ ಇರಲಿಲ್ಲ. ಮಾವನವರು ಬಂದರು, ನನ್ನನ್ನು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆಸಿ ನೋಡಿದರು, ಒಂದು ಮೊರ ಜೋಳ ಕೊಟ್ಟು ಹಸನು ಮಾಡು ಎಂದರು. ಮಾಡಿದೆ. ಕಲ್ಲು ಒಂದೂ ಉಳಿದಿರಲಿಲ್ಲ. ಮದುವೆ ಆಯಿತು. ಗಂಡ ನನ್ನ ಮುಖ ನೋಡಿದ್ದು ಅಕ್ಕಿಕಾಳು ಬಿದ್ದ ಮೇಲೆ. ಆಗ ಬೇಡ ಎನ್ನಲು ಅವರಿಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಹಾಗಾಗಿ ಇಬ್ಬರೂ ಸಹಜವಾಗಿಯೇ ಇದ್ದೆವು.

ಆಮೇಲೆ ಕಾಲ ಸುಧಾರಿಸಿತು. ಹುಡುಗಿಗಿಂತ ಮೊದಲು ಹುಡುಗಿಯ ಫೋಟೋ ಬಸ್ಸು ಹತ್ತುವ ಕಾಲ ಬಂತು. ನಮ್ಮ ಬಾಗೇವಾಡಿಯಲ್ಲಿ ವಿನಾಯಕರಾಯರು ಸ್ಟುಡಿಯೋ ಹಾಕಿದರು. ಅವರು ಸೊಲ್ಲಾಪುರದಲ್ಲಿ ಕೆಲಸ ಕಲಿತು ಬಂದವರು, ಕರಿ ಟೊಪ್ಪಿಗೆ, ಬಿಳಿ ಧೋತರ, ಮಾತಿನಲ್ಲಿ ಅರ್ಧ ಮರಾಠಿ. ಸ್ಟುಡಿಯೋದ ಹಿಂದಿನ ಗೋಡೆಗೆ ಒಂದು ದೊಡ್ಡ ಪರದೆ. ಪರದೆಯ ಮೇಲೆ ಕೆರೆ, ಕೆರೆಯಲ್ಲಿ ಎರಡು ಹಂಸ. ಆಗ ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸ ಆಮೆಯ ಹಾಗೆ ನಡೆದಿತ್ತು, ನೀರು ನಿಲ್ಲುವುದು ಯಾವ ಕಾಲಕ್ಕೋ ಎಂದು ಎಲ್ಲರೂ ಬೈಯುತ್ತಿದ್ದರು. ರಾಯರ ಪರದೆಯ ಮೇಲೆ ಮಾತ್ರ ಬೇಸಿಗೆಯಲ್ಲೂ ಕೆರೆ ತುಂಬಿರುತ್ತಿತ್ತು. ನಮ್ಮ ಕಡೆಯ ಹುಡುಗಿಯರೆಲ್ಲ ಆ ಕೆರೆಯ ದಂಡೆಯ ಮೇಲೆ ನಿಂತೇ ಗಂಡನ ಮನೆಗೆ ಹೋದವರು. ಪಕ್ಕದಲ್ಲಿ ಒಂದು ಸುಣ್ಣದ ಕಂಬ, ಧೂಳು ಹಿಡಿದ ಕಾಗದದ ಹೂವು, ಮೇಜಿನ ಮೇಲೆ ಒಂದು ಕರಿ ಟೆಲಿಫೋನು. ಟೆಲಿಫೋನಿಗೆ ತಂತಿ ಇರಲಿಲ್ಲ. ಗಂಡುಗಳಿಗಾಗಿ ಒಂದು ಕೋಟು ಗೂಟಕ್ಕೆ ತೂಗುತ್ತಿತ್ತು. ಅಂಥ ಕೋಟು ನಮ್ಮ ಸುತ್ತಲಿನ ನಾಲ್ಕೂ ತಾಲೂಕಿನ ಸ್ಟುಡಿಯೋಗಳಲ್ಲಿ ಒಂದೊಂದಿದ್ದಿರಬೇಕು. ಮದುವೆಯಾಗುವ ತನಕ ಯಾವ ಗಂಡೂ ಕೋಟಿಲ್ಲದೆ ಫೋಟೋದಲ್ಲಿ ಕಂಡದ್ದಿಲ್ಲ, ಮದುವೆಯಾದ ಮೇಲೆ ಯಾವ ಗಂಡನೂ ಕೋಟು ಹಾಕಿದ್ದನ್ನು ನಾನು ನೋಡಿಲ್ಲ.

ಇಂಡಿ ಊರಿನಲ್ಲಿರುವ ನನ್ನ ತಂಗಿಯ ಮಗಳು ಗಿಡ್ಡಿ. ತುಂಬಾ ಗಿಡ್ಡಿ. ಅಲ್ಲಿಯ ಫೋಟೋದವನು ಅವಳನ್ನು ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿ, ಇಳಕಲ್ಲ ಸೀರೆಯನ್ನು ನೆಲಕ್ಕೆ ಮುಟ್ಟುವ ಹಾಗೆ ಉಡಿಸಿ, ಸಣ್ಣ ಕುರ್ಚಿಯ ಪಕ್ಕ ಫೋಟೋ ತೆಗೆದ. ಫೋಟೋದಲ್ಲಿ ಹುಡುಗಿ ತೆಂಗಿನ ಮರ. ಗಂಡಿನವರು ಒಪ್ಪಿದರು. ನಿಶ್ಚಯಕ್ಕೆಂದು ಬಂದವರು ಹುಡುಗಿ ನಡೆದು ಬಂದದ್ದನ್ನು ನೋಡಿ, ಬಡಿಸಿದ ಎಲೆಯ ಮುಂದಿನಿಂದ ಎದ್ದು ಹೋದರು. "ಫೋಟೋದಾಗಿನ ಹುಡುಗಿನ್ನ ಕರೀರಿ, ಇಕೀ ಯಾರು?" ಎಂದರಂತೆ. ಎರಡು ಇಟ್ಟಿಗೆಗಾಗಿ ಆ ಕೂಸು ನಾಲ್ಕು ವರ್ಷ ಮನೆಯಲ್ಲಿ ಕುಳಿತಿತು. ಗಿಡ್ಡಿ ಎಂದು ಯಾರೂ ಅನ್ನಲಿಲ್ಲ, ಮೋಸದ ಮಂದಿ ಎಂದರು. ಗಿಡ್ಡತನಕ್ಕೆ ವರ ಸಿಗುತ್ತಾನೆ, ಮೋಸಕ್ಕೆ ಸಿಗುವುದು ಕಷ್ಟ.

ಇಷ್ಟು ಯಾಕೆ ಹೇಳಿದೆನೆಂದರೆ, ನನ್ನ ಮೊಮ್ಮಗಳು ಶಕ್ಕುವಿನ ಎಡಗಲ್ಲದ ಮೇಲೆ ಒಂದು ಕಲೆ ಇದೆ. ಅಡಿಕೆಯ ಹೋಳಿನಷ್ಟು, ಕಂದುಗಪ್ಪು. ಅವಳು ಏಳು ವರ್ಷದವಳಿದ್ದಾಗ ಬೆಲ್ಲದ ಪಾಕ ಸಿಡಿದು ಆದದ್ದು. ಹುಡುಗಿ ಬೆಳೆದಳು, ಕಲೆ ಬೆಳೆಯಲಿಲ್ಲ, ಆದರೆ ಮದುವೆಯ ಮಾತು ಶುರುವಾದ ಮೇಲೆ ಅದು ಮನೆಯಲ್ಲಿ ಎಲ್ಲರಿಗಿಂತ ದೊಡ್ಡದಾಯಿತು. ಮನಗೂಳಿಯ ಗಂಡಿನ ಕಡೆಯವರು ಬಂದು ನೋಡಿ, ಅವಲಕ್ಕಿ ತಿಂದು, ಕಲೆಯ ಬಗ್ಗೆ ಒಂದು ಮಾತೂ ಆಡದೆ ಹೋದರು. ಮುಂದೆ ಸುದ್ದಿಯೇ ಇಲ್ಲ. ಆವತ್ತಿನಿಂದ ಶಕ್ಕು ಯಾರ ಜೊತೆ ಮಾತನಾಡಿದರೂ ಬಲಗಲ್ಲವನ್ನೇ ಮುಂದೆ ಮಾಡತೊಡಗಿದಳು. ಬಾವಿಗೆ ಹೋದರೆ ಬಲಗಲ್ಲ, ಬಸ್ಸಿನಲ್ಲಿ ಕಿಟಕಿಯ ಕಡೆ ಎಡಗಲ್ಲ. ಮಾತು ಕಡಿಮೆ ಮಾಡಿದಳು. ಮೊದಲು ಅವಳ ಬಾಯಿಗೆ ನಾನೇ ಹೆದರುತ್ತಿದ್ದೆ. ಹಾಗಾಗಿ ಸಿಂದಗಿಯ ಸಂಬಂಧ ಬಂದಾಗ ಮನೆಯಲ್ಲಿ ಎಲ್ಲರಿಗೂ ಒಂದೇ ಅಂಜಿಕೆ. ಇದೊಂದೂ ತಪ್ಪಿದರೆ ಹುಡುಗಿ ಪೂರ್ತಿ ಗೋಡೆಯ ಕಡೆ ತಿರುಗುತ್ತಾಳೆ.

ಹುಡುಗ ಈರಣ್ಣ, ಮುದ್ದೇಬಿಹಾಳದಲ್ಲಿ ಶಾಲೆಯ ಮಾಸ್ತರ. ಮನೆ ಸಿಂದಗಿ, ಮನೆಯ ಯಜಮಾನಿಕೆ ಅವನ ತಾಯಿ ಶರಣವ್ವನದು. ಅವನ ಫೋಟೋ ಮೊದಲು ಬಂತು. ಕೋಟು ಇತ್ತು. ಕೋಟಿನ ಮೇಲೆ ಒಂದು ಮುಖವೂ ಇತ್ತು.

ನಮ್ಮ ಕಡೆಯಿಂದ ಫೋಟೋ ಕಳಿಸಬೇಕಲ್ಲ, ಶಕ್ಕುವನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಹೋದೆವು. ನಾನು, ಮಗ ಮಲ್ಲಪ್ಪ, ಸೊಸೆ ನೀಲವ್ವ. ಒಬ್ಬ ಹುಡುಗಿಯನ್ನು ಸಹಜವಾಗಿ ಕೂರಿಸಲು ನಾಲ್ಕು ಜನ ಬೇಕಾಗುತ್ತದೆಂದು ನನಗೆ ಆವತ್ತೇ ತಿಳಿದದ್ದು.

ರಾಯರು ಕರಿ ಬಟ್ಟೆಯೊಳಗೆ ತಲೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ತಂಗೀ, ಗದ್ದ ಜರಾ ಮ್ಯಾಲೆ. ಕಣ್ಣು ಕೆಳಗ. ಹಾಂ, ಈಗ ನಗು. ಹಲ್ಲು ಬ್ಯಾಡ, ತುಟಿ ಅಷ್ಟ. ಬಿಗಿ ಹಿಡೀಬ್ಯಾಡ, ಸಹಜ ಇರಬೇಕವಾ, ಸಹಜ!"

"ನಗಬ್ಯಾಡ," ಎಂದಳು ನೀಲವ್ವ. "ನೋಡಿದವರು ಗಂಡಬೀರಿ ಅಂತಾರ."

"ಹಂಗಂತ ಮಾರಿ ಗಂಟು ಹಾಕ್ಕೋಬ್ಯಾಡ," ಎಂದ ಮಲ್ಲಪ್ಪ. "ಕೊಡಾಕ ನಮಗ ಮನಸಿಲ್ಲ ಅಂತ ತಿಳೀತಾರ."

ನಾನು ಸುಮ್ಮನಿದ್ದೆ ಎಂದು ಬರೆಯಬೇಕೆಂದಿದೆ, ಆದರೆ ಇರಲಿಲ್ಲ. "ಸೆರಗು ಮ್ಯಾಲೆ ಏರಿಸು, ಬೆನ್ನು ನೆಟ್ಟಗ ಮಾಡು, ಉಸಿರು ಆಡು" ಎಂದು ನಾನೂ ಹೇಳಿದೆ.

ಹುಡುಗಿ ಹೇಳಿದ್ದನ್ನೆಲ್ಲ ಮಾಡಿದಳು. ಗದ್ದ ಮೇಲೆ, ಕಣ್ಣು ಕೆಳಗೆ, ತುಟಿ ನಗುವುದು, ಮುಖ ನಗದಿರುವುದು. ದವಡೆಹಲ್ಲು ನೋಯುವವರು ಮಂದಿಯ ಮುಂದೆ ಹೇಗಿರುತ್ತಾರೋ ಹಾಗೆ ಕುಳಿತಳು. ನಮ್ಮ ಕಡೆಯ ಹಳೆಯ ಗುಡಿಗಳ ಕಂಬದ ಮೇಲೆ ಕನ್ನಡಿ ಹಿಡಿದ ಹೆಂಗಸಿನ ಗೊಂಬೆ ಇರುತ್ತದೆ, ನೀವೂ ನೋಡಿರಬಹುದು. ಸೊಂಟ ಒಂದು ಕಡೆ, ಕಾಲು ಒಂದು ಕಡೆ, ಮಳೆಬಿಸಿಲಿಗೆ ಮೂಗು ಹೋಗಿದೆ, ಕನ್ನಡಿ ಅರ್ಧ ಮುರಿದಿದೆ. ಆದರೂ ಅವಳ ಹಾಗೆ ನಿರಾಳವಾಗಿ ನಿಂತವರನ್ನು ನಾನು ಕಂಡಿಲ್ಲ. ಕೆತ್ತಿದವನು ಅವಳಿಗೆ ಏನು ಹೇಳಿ ನಿಲ್ಲಿಸಿದ್ದ ಎಂದು ಪುರಾಣ ಹೇಳುವ ಸ್ವಾಮಿಗಳನ್ನು ಒಮ್ಮೆ ಕೇಳಿದ್ದೆ. ಅವರು ಅದು ಶಿಲ್ಪಶಾಸ್ತ್ರದಲ್ಲಿದೆ ಎಂದರು. ನನಗನಿಸುವುದು ಬೇರೆ. ಅವಳ ಜೊತೆ ತಂದೆ, ತಾಯಿ, ಅಜ್ಜಿ ಬಂದಿರಲಿಲ್ಲ.

ರಾಯರ ಕಣ್ಣು ಇಷ್ಟರಲ್ಲಿ ಎಡಗಲ್ಲದ ಮೇಲೆ ಬಿದ್ದಿತ್ತು. ಅವರು ಏನೂ ಹೇಳದೆ, ಮೇಜಿನ ಮೇಲಿನ ಟೆಲಿಫೋನು ತಂದು, ಅದರ ಹಿಡಿಕೆಯನ್ನು ಶಕ್ಕುವಿನ ಎಡಗೈಗೆ ಕೊಟ್ಟು ಕಿವಿಗೆ ಹಚ್ಚಿದರು. ಕಲೆ ಕಾಣದಾಯಿತು. ಆ ಟೆಲಿಫೋನು ಸ್ಟುಡಿಯೋದಲ್ಲಿ ಯಾಕಿದೆ ಎಂದು ನನಗೆ ಆಗ ಹೊಳೆಯಿತು. ಎಷ್ಟು ಹುಡುಗಿಯರ ಮೈಲಿ ಕಲೆ, ಸುಟ್ಟ ಗಾಯ, ಸೊಟ್ಟ ಕಿವಿ ಅದರ ಹಿಂದೆ ಅಡಗಿದ್ದವೋ.

"ರಾಯರ, ನಮ್ಮ ಮನ್ಯಾಗ ಟೆಲಿಫೋನಿಲ್ಲ. ಯಾರ ಕೂಡ ಮಾತಾಡಾಕತ್ತಾಳ ಇಕೀ?" ಎಂದೆ.

"ಆಯಿ, ಯಾರೋ ಆಕಿಗೆ ಸುದ್ದಿ ಹೇಳಾಕತ್ತಾರ ಅಂತ ತಿಳ್ಕೋರಿ."

"ಯಾರೋ ಸತ್ತ ಸುದ್ದಿನ ಇರಬೇಕು. ಆಕೀ ಮಾರಿ ನೋಡ್ರಿ."

ಮಲ್ಲಪ್ಪ ನನ್ನ ಕಡೆ ಕಣ್ಣು ಬಿಟ್ಟ. "ಯವ್ವಾ, ನೀ ಸುಮ್ಮನಿರು. ಅವರ ಕೆಲಸ ಅವರಿಗೆ ಗೊತ್ತೈತಿ."

"ಇಂಡಿಯವರಿಗೂ ಗೊತ್ತಿತ್ತು," ಎಂದು ನಾನು ಟೆಲಿಫೋನು ಕಸಿದುಕೊಂಡು ಮೇಜಿನ ಮೇಲಿಟ್ಟೆ. ಶಕ್ಕು ತಟ್ಟನೆ ಮುಖವನ್ನು ಎಡಕ್ಕೆ ತಿರುಗಿಸಿ ಕೆರೆಯ ಹಂಸಗಳನ್ನು ನೋಡತೊಡಗಿದಳು. ನಾನು ಕ್ಯಾಮರಾದ ಪಕ್ಕ ಹೋಗಿ ನಿಂತೆ. ರಾಯರು ಫೋಟೋ ಹೊಡೆಯಲು ಒತ್ತುವ ರಬ್ಬರ್ ಗುಂಡು ಕೈಯಲ್ಲಿ ಹಿಡಿದು ಕಾಯುತ್ತಿದ್ದರು.

"ಶಕ್ಕು," ಎಂದೆ, "ಮುಂಜಾನೆ ಎಮ್ಮಿಗೆ ನೀರು ಕುಡಿಸಿಲ್ಲ ನೀ. ಪಾಪ ಒದರಾಕತ್ತಿತ್ತು."

"ಕುಡಿಸೇನಿ!" ಹುಡುಗಿ ಸರಕ್ಕನೆ ನನ್ನತ್ತ ತಿರುಗಿದಳು. ಸೆರಗು ಹೆಗಲಿಗೆ ಜಾರಿತು, ಹುಬ್ಬು ಮೇಲೇರಿತು. "ಎರಡು ಕೊಡ ಕುಡಿಸೇನಿ. ನೀ ಆವಾಗ ಗೊರಕಿ ಹೊಡ್ಯಾಕತ್ತಿದ್ದಿ!"

"ಒತ್ತರಿ," ಎಂದೆ ರಾಯರಿಗೆ. ಗಾಬರಿಯಲ್ಲಿ ಅವರು ಒತ್ತಿಬಿಟ್ಟರು.

ಸಹಜವಾಗಿರುವಂತೆ ಮಾಡುವ ವಿದ್ಯೆ ಇಷ್ಟೇ. ಮನುಷ್ಯರ ಮೇಲೆ ಮಾಡದ ತಪ್ಪು ಹೊರಿಸಬೇಕು. ಇದನ್ನು ಕಲಿಯಲು ಸೊಲ್ಲಾಪುರಕ್ಕೆ ಹೋಗಬೇಕಾಗಿಲ್ಲ, ನಾಲ್ಕು ವರ್ಷ ಸೊಸೆಯಾಗಿದ್ದರೆ ಸಾಕು.

ಎಂಟು ದಿನದ ಮೇಲೆ ಫೋಟೋ ಬಂತು. ನಮ್ಮ ಶಕ್ಕುವೇ ಹೌದು. ಕಣ್ಣಲ್ಲಿ ಸಿಟ್ಟು, ತುಟಿಯಲ್ಲಿ ಮುಂದಿನ ಮಾತು. ಹಳೆಯ ಶಕ್ಕು, ಬಾಯಿ ಇದ್ದ ಶಕ್ಕು. ಆದರೆ ಎಡಗಲ್ಲ ಬೆಣ್ಣೆಯ ಹಾಗೆ ನುಣ್ಣಗೆ. ಕಲೆ ಎಲ್ಲಿ ಎಂದು ಫೋಟೋ ತಿರುಗಿಸಿ ಹಿಂಬದಿಯನ್ನೂ ನೋಡಿದೆ.

"ರಿಟಚ್ ಮಾಡೇನ್ರಿ ಆಯಿ," ಎಂದು ರಾಯರು ಹಿಗ್ಗಿದರು. "ನೆಗೆಟಿವ್ ಮ್ಯಾಲೆ ಸಣ್ಣ ಮೊನಿ ಪೆನ್ಸಿಲ್‌ಲೆ ಕೆಲಸ. ಎರಡು ದಿನ ಕಣ್ಣಾಗ ಕಣ್ಣಿಟ್ಟು ಮಾಡೇನಿ. ಸೊಲ್ಲಾಪುರದಾಗ ನನ್ನ ಕೈಯಿಗೆ ಭಾಳ ಹೆಸರಿತ್ರಿ."

ಮಲ್ಲಪ್ಪ ಭೇಷ್ ಎಂದ. ನೀಲವ್ವ ಫೋಟೋವನ್ನು ಎದೆಗೆ ಒತ್ತಿಕೊಂಡಳು. ಶಕ್ಕು ಒಮ್ಮೆ ನೋಡಿದಳು, ತನ್ನ ಗಲ್ಲವನ್ನು ಒಮ್ಮೆ ಮುಟ್ಟಿಕೊಂಡಳು, ಒಳಗೆ ಹೋದಳು. ನಾನು ಇದನ್ನು ಸಿಂದಗಿಗೆ ಕಳಿಸಬೇಡ ಎಂದು ಮಗನಿಗೆ ಹೇಳಿದೆ. ಇಂಡಿಯ ಕಥೆ ಮತ್ತೊಮ್ಮೆ ಹೇಳಿದೆ. ಅವನು, "ಮೊದಲು ಅವರು ಬಾಗಿಲಿಗರೆ ಬರಲಿ. ಕಲಿ ನೋಡಿದ್ರ ಬಾಗಿಲಿಗೂ ಬರೂದಿಲ್ಲ" ಎಂದ. ಅವನ ಮಾತೂ ಸುಳ್ಳಾಗಿರಲಿಲ್ಲ. ಮನಗೂಳಿಯವರು ಬಂದಿದ್ದ ಬಾಗಿಲು ಅದೇ ತಾನೆ.

ಆದರೆ ನನ್ನ ಸ್ವಭಾವ ನಿಮಗೆ ಇಷ್ಟರಲ್ಲಿ ತಿಳಿದಿರಬೇಕು. ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದಾಗ ಕಾಡಿಗೆಯ ಡಬ್ಬಿ ತೆಗೆದೆ, ಕಡ್ಡಿಪೆಟ್ಟಿಗೆಯ ಒಂದು ಕಡ್ಡಿ ಅದ್ದಿದೆ, ಫೋಟೋದ ಶಕ್ಕುವಿನ ಎಡಗಲ್ಲದ ಮೇಲೆ ಕಲೆಯನ್ನು ತಿರುಗಿ ಬರೆದೆ. ಕೈ ನಡುಗಿ ಸ್ವಲ್ಪ ದೊಡ್ಡದಾಯಿತು. ಕೈ ನಡುಗಿತೆಂದು ಹೇಳಿದೆ, ಅದೂ ಪೂರ್ತಿ ನಿಜವಲ್ಲ. ನನ್ನ ಕಣ್ಣಿಗೆ ಆ ಕಲೆ ಮೊದಲಿನಿಂದಲೂ ಇದ್ದದ್ದಕ್ಕಿಂತ ದೊಡ್ಡದು. ಅದರ ಕಾರಣ ಮುಂದೆ ಬರುತ್ತದೆ. ಒಣಗಿಸಿ ಲಕೋಟೆಯಲ್ಲಿ ಹಾಕಿ, ಅಂಟು ಹಚ್ಚಿಟ್ಟೆ. ಮಲ್ಲಪ್ಪ ತೆರೆದು ನೋಡದೆ ಟಪಾಲಿಗೆ ಹಾಕಿದ. ಜಗತ್ತಿನಲ್ಲಿ ಸತ್ಯ ಉಳಿದಿದ್ದರೆ ಅದು ನನ್ನಂಥ ಮುದುಕಿಯರಿಂದಲೇ ಎಂದುಕೊಂಡು ಆವತ್ತು ಎರಡು ರೊಟ್ಟಿ ಹೆಚ್ಚು ತಿಂದೆ.

ಹದಿನೈದು ದಿನಕ್ಕೆ ಸಿಂದಗಿಯವರು ಬಂದರು. ಶರಣವ್ವ, ಮಗ ಈರಣ್ಣ, ಇಬ್ಬರೇ. ಕಲೆ ನೋಡಿಯೂ ಬಂದರಲ್ಲ ಎಂದು ನನಗೆ ಹಿಗ್ಗು. ಶರಣವ್ವ ನನ್ನ ಜಾತಿಯ ಹೆಂಗಸು. ಲಿಂಗಾಯತಳೆಂದು ಹೇಳುತ್ತಿಲ್ಲ, ಮುಚ್ಚಿ ಮಾತನಾಡುವವಳಲ್ಲ ಎಂದು ಹೇಳುತ್ತಿದ್ದೇನೆ. ಚಾಪೆಯ ಮೇಲೆ ಕುಳಿತವಳೇ ಚೀಲದಿಂದ ಫೋಟೋ ತೆಗೆದಳು.

"ಅಲ್ಲಬೇ ಯಕ್ಕಾ, ಕೂಸಿಗೆ ದೃಷ್ಟಿಬೊಟ್ಟು ಇಡೂದು ನೋಡೇನಿ, ಮದುಮಗಳಿಗೆ ಇಡೂದೂ ನೋಡೇನಿ. ಫೋಟೋಕ್ಕ ದೃಷ್ಟಿಬೊಟ್ಟು ಇಟ್ಟು ಕಳಿಸೋ ಮಂದಿನ್ನ ಇದ ಮೊದಲ ನೋಡಿದ್ನಿ. ನಮ್ಮ ಕಣ್ಣು ತಾಗತೈತಿ ಅಂತೇನು? ಅದೂ ಇಷ್ಟು ದೊಡ್ಡ ಬೊಟ್ಟು! ನಾ ಎಂಜಲ ಹಚ್ಚಿ ಒರೆಸಿಬಿಟ್ನಿ, ನೋಡ್ರಿ."

ನೋಡಿದೆ. ಎಡಗಲ್ಲ ಮತ್ತೆ ಬೆಣ್ಣೆಯ ಹಾಗೆ ನುಣ್ಣಗೆ.

"ಬೊಟ್ಟು? ಯಾವ ಬೊಟ್ಟು?" ಎಂದು ಮಲ್ಲಪ್ಪ ನನ್ನ ಕಡೆ ನೋಡಿದ. ನಾನು ಮಾಳಿಗೆಯ ತೊಲೆಯ ಮೇಲೆ ಹಲ್ಲಿ ಇದೆಯೇ ಎಂದು ನೋಡತೊಡಗಿದೆ. ನನ್ನ ಸತ್ಯ ಸಿಂದಗಿಯ ತನಕ ಹೋಗಿ, ಒಬ್ಬ ಹೆಂಗಸಿನ ಎಂಜಲಿಗೆ ಅಳಿಸಿಹೋಗಿತ್ತು. ಒಳಗಿನ ಕೋಣೆಯಲ್ಲಿ ಬಳೆಯ ಸದ್ದು ನಿಂತಿತು. ಶಕ್ಕು ಎಲ್ಲ ಕೇಳಿಸಿಕೊಂಡಿದ್ದಳು.

ನೀಲವ್ವ ಒಳಗೆ ಓಡಿ ಸೆರಗು ಮುಂದೆ ಎಳೆದುಕೋ ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಆದರೆ ಶಕ್ಕು ಚುರುಮುರಿ ಸುಸಲದ ತಾಟು ಹಿಡಿದು ಬಂದಾಗ ಸೆರಗು ಹೆಗಲ ಮೇಲಿತ್ತು. ನೆಟ್ಟಗೆ ಬಂದು, ಬಾಗಿಲ ಬೆಳಕಿಗೆ ಎಡಗಲ್ಲವನ್ನೇ ಕೊಟ್ಟು, ಶರಣವ್ವನ ಎದುರು ಕುಳಿತಳು.

"ಇಲ್ಲೂ ಇಟ್ಟೀರಿ?" ಎಂದು ಶರಣವ್ವ ನಕ್ಕಳು. "ಎಷ್ಟು ಸೊಕ್ಕಬೇ ನಿಮಗ!" ಅವಳು ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಹುಡುಗಿಯ ಗದ್ದ ಹಿಡಿದು, ಕಲೆಯನ್ನು ತಿಕ್ಕಿದಳು. ಹೋಗಲಿಲ್ಲ. ಇನ್ನೊಮ್ಮೆ ತಿಕ್ಕಿದಳು. ಗಲ್ಲ ಕೆಂಪಾಯಿತು, ಕಲೆ ಇದ್ದಲ್ಲೇ ಇತ್ತು. ಶರಣವ್ವನ ನಗೆ ನಿಂತಿತು. ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡಳು. ಅದರಲ್ಲಿ ಕಪ್ಪು ಇರಲಿಲ್ಲ.

ಇಂಡಿಯ ಎಲೆಗಳ ಮುಂದಿನಿಂದ ಎದ್ದು ಹೋದವರ ಕಾಲಸದ್ದು ನನಗೆ ಕೇಳಿಸತೊಡಗಿತು.

"ಅದು ಹೋಗೂದಿಲ್ಲರಿ," ಎಂದಳು ಶಕ್ಕು. "ಸಣ್ಣಾಕಿ ಇದ್ದಾಗ ಬೆಲ್ಲದ ಪಾಕ ಸಿಡಿದದ್ದು. ಫೋಟೋದವರು ಅದನ್ನ ಪೆನ್ಸಿಲ್‌ಲೆ ಅಳಿಸಿದ್ರು. ನಮ್ಮ ಆಯಿ ಕಾಡಿಗೀಲೆ ತಿರುಗಿ ಬರದಳು. ನೀವು ಎಂಜಲ ಹಚ್ಚಿ ಒರೆಸಿದ್ರಿ. ಪಾಕಕ್ಕ ಬುದ್ಧಿ ಇರಲಿಲ್ಲ ಬಿಡ್ರಿ, ನೀವೆಲ್ಲಾ ಶಾಣ್ಯಾ ಮಂದಿ. ಮಾರಿ ನಂದು. ಹೆಂಗಿರಬೇಕು ಅಂತ ನನ್ನ ಒಂದು ಮಾತು ಯಾರರೆ ಕೇಳಿದ್ರೇನು?"

ನಾನು ತೊಲೆಯ ಮೇಲಿನ ಹಲ್ಲಿಯನ್ನು ಹುಡುಕುವುದು ಬಿಟ್ಟೆ. ಇಷ್ಟು ದಿನ ರಾಯರದು ಸುಳ್ಳಿನ ಪೆನ್ಸಿಲು, ನನ್ನದು ಸತ್ಯದ ಕಾಡಿಗೆ ಎಂದು ನಂಬಿದ್ದೆ. ಹುಡುಗಿಯ ಗಲ್ಲದ ಮೇಲೆ ನಿಂತು ನೋಡಿದರೆ ಎರಡೂ ಒಂದೇ. ಕೇಳದೆ ಬಂದ ಕೈಗಳು.

ಶರಣವ್ವ ಹತ್ತಿರ ಬಾಗಿ ಕಲೆಯನ್ನು ನೋಡಿದಳು. ಆಮೇಲೆ, "ಎಷ್ಟು ವರ್ಷದಾಕಿ ಇದ್ದಿ?" ಎಂದಳು.

"ಏಳು, ರಿ."

"ಏಳು ವರ್ಷದ ಹುಡುಗಿನ್ನ ಕುದಿಯೋ ಪಾಕದ ಮುಂದ ಕುಂಡ್ರಿಸಿದವರು ಯಾರು?"

"ನಾನ," ಎಂದೆ. ಆ ಮಾತನ್ನು ಹತ್ತು ಹನ್ನೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಶೇಂಗಾದ ಉಂಡೆ ಕಟ್ಟಬೇಕಿತ್ತು. ಪಾಕ ತಿರುವುತ್ತಿರು ಎಂದು ಹುಡುಗಿ ಕೈಗೆ ಸೌಟು ಕೊಟ್ಟು ನಾನು ಹೊರಗೆ ಯಾರ ಜೊತೆಗೋ ಜಗಳಾಡಲು ಹೋಗಿದ್ದೆ. ಜಗಳ ಯಾತರದ್ದೆಂದು ಈಗ ನೆನಪಿಲ್ಲ. ಗೆದ್ದಿದ್ದೆ ಎಂದು ಮಾತ್ರ ನೆನಪಿದೆ.

ಶರಣವ್ವ ನನಗೆ ಏನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಶಕ್ಕು ಗಂಡಿನ ಕಡೆ ತಿರುಗಿ, ಸೌತೆಕಾಯಿ ಹೇಗಿವೆ ಎಂದು ಸಂತೆಯಲ್ಲಿ ಕೇಳುವ ಹಾಗೆ ಕೇಳಿದಳು: "ಮಾಸ್ತರ, ನಿಮ್ಮ ಕೋಟು ಎಲ್ಲೈತ್ರಿ?"

ಈರಣ್ಣ ಆ ತನಕ ಬಾಯಿ ಬಿಟ್ಟಿರಲಿಲ್ಲ. ಬಡಕಲು ಹುಡುಗ, ಅಂಗಿಯೊಳಗೆ ಇನ್ನೊಬ್ಬ ಈರಣ್ಣನಿಗೆ ಜಾಗವಿತ್ತು. ಅವನ ಕಿವಿ ಕೆಂಪಾಯಿತು. "ಅದು ಮುದ್ದೇಬಿಹಾಳದ ಸ್ಟುಡಿಯೋದಾಗೈತ್ರಿ," ಎಂದ. "ನಂದಲ್ಲ ಅದು. ಹಿಂದ ನಾಕು ಪಿನ್ನು ಚುಚ್ಚಿ ಮೈಗೆ ಕೂಡಿಸಿದ್ರು. ಸಹಜ ಕುಂಡ್ರು ಅಂದ್ರು. ಜೋರಾಗಿ ಉಸಿರು ತಗೊಂಡ್ರ ಬೆನ್ನಿಗೆ ಚುಚ್ಚತಿತ್ತು."

ಶಕ್ಕು ನಕ್ಕಳು. ಹಲ್ಲು ಕಾಣುವ ಹಾಗೆ, ಗದ್ದ ಎಲ್ಲಿದೆ ಕಣ್ಣು ಎಲ್ಲಿದೆ ಎಂದು ಲಕ್ಷ್ಯವಿಲ್ಲದ ನಗೆ. ಹುಡುಗನೂ ನಕ್ಕ. ಆ ಹೊತ್ತಿಗೆ ಅಲ್ಲಿ ಒಂದು ಕ್ಯಾಮರಾ ಇರಬೇಕಿತ್ತು. ಇರಲಿಲ್ಲ, ಅದಕ್ಕೇ ಅವರು ಹಾಗೆ ನಕ್ಕರು.

ಶರಣವ್ವ ಮಗನನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. "ಕೇಳಿಲ್ಲ ಅಂದ್ಯಲ್ಲವಾ, ಈಗ ಕೇಳ್ತೇನಿ. ಕೋಟಿಲ್ಲದ ಈ ಹುಡುಗ ನಿನಗ ನಡೀತಾನೇನು?"

"ಕೋಟಿಲ್ಲಂದ್ರನ ನಡೀತಾನ್ರಿ," ಎಂದಳು ನನ್ನ ಮೊಮ್ಮಗಳು.

"ಹಂಗಾದ್ರ ಸಕ್ರಿ ತರ್ರಿ," ಎಂದಳು ಶರಣವ್ವ. "ಆದರ ಒಂದು ಮಾತು. ನಮ್ಮ ಮನ್ಯಾಗ ಪಾಕ ನಾ ಕಾಸ್ತೇನಿ. ಈ ಮುದುಕಿನ್ನ ಒಲಿ ಹತ್ರ ಬಿಡೂದಿಲ್ಲ." ಸಿಟ್ಟು ಬರಬೇಕಿತ್ತು, ಬರಲಿಲ್ಲ. ನೀಲವ್ವ ಸಕ್ಕರೆ ತಂದಳು. ಸೆರಗಿನಿಂದ ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದದ್ದನ್ನು ನಾನು ನೋಡಿಲ್ಲ ಎಂದು ಇಟ್ಟುಕೊಳ್ಳಿ.

ಮದುವೆಯಲ್ಲಿ ರಾಯರು ಮೂರು ಕಾಲಿನ ಕ್ಯಾಮರಾ ಹೊತ್ತು ಬಂದರು. ಮದುಮಗಳನ್ನು ಕುರ್ಚಿಯಲ್ಲಿ ಕೂರಿಸಿದರು. ಮತ್ತೆ ಅದೇ ಮಂತ್ರ: ಗದ್ದ ಮೇಲೆ, ಕಣ್ಣು ಕೆಳಗೆ, ಸಹಜ, ಸಹಜ. ಈ ಸಲ ಹೇಳುವವರು ನಾಲ್ಕು ಜನವಲ್ಲ, ಇಡೀ ಹಂದರ. ಒಬ್ಬಳು ಅಳು ಎಂದಳು, ತವರು ಬಿಟ್ಟು ಹೋಗುವವಳು ಅಳದಿದ್ದರೆ ಚಂದವಲ್ಲವಂತೆ. ಇನ್ನೊಬ್ಬಳು ಅಳಬೇಡ, ಕಾಡಿಗೆ ಇಳಿಯುತ್ತದೆ ಎಂದಳು. ಶಕ್ಕು ಬಾಸಿಂಗವನ್ನು ತಾನೇ ಸರಿಮಾಡಿಕೊಂಡು, ಕುರ್ಚಿಯನ್ನು ತಾನೇ ತಿರುಗಿಸಿಕೊಂಡಳು.

"ರಾಯರ, ಎಡಗಡೆಯಿಂದ ತೆಗೀರಿ. ಪೆನ್ಸಿಲ್ ಮನ್ಯಾಗ ಇಟ್ಟು ಬರ್ರಿ. ನನ್ನ ಗಲ್ಲದ ಮ್ಯಾಲೆ ಕೈಯಾಡಿಸಿದ್ರ ಫೋಟೋ ತಿರುಗಿ ಕಳಿಸ್ತೇನಿ."

"ಆಣಿ ಮಾಡಿ ಹೇಳ್ತೇನಿ ತಂಗೀ, ನಿನ್ನ ಗಲ್ಲ ಮುಟ್ಟೂದಿಲ್ಲ," ಎಂದರು ರಾಯರು, ಸೊಲ್ಲಾಪುರದ ಹೆಸರೆಲ್ಲ ಮಣ್ಣುಪಾಲಾದವರ ಮುಖ ಮಾಡಿ.

ಒಂದು ತೆಗೆದಾಯಿತು. ಆಮೇಲೆ ಅವಳು ನನ್ನನ್ನು ಕರೆದಳು. "ಆಯಿ, ನೀ ಬಾ ಇಲ್ಲಿ. ನನ್ನ ಬಾಜೂಕ ಕುಂಡ್ರು. ಏನೂ ಹೇಳಬ್ಯಾಡ. ಸುಮ್ಮನ ಕುಂಡ್ರು ಅಷ್ಟ."

ನಾನು ಕುಳಿತೆ. ಹೇಳಬೇಕಾದ ಮಾತು ಒಂದು ಇತ್ತು. ಪಾಕದ ಬಗ್ಗೆ. ಅದನ್ನು ಬಾಯಿಯ ತನಕ ತಂದೆ. ಹುಡುಗಿ ಬಳೆಗಳ ಕೈಯನ್ನು ನನ್ನ ಮೊಣಕಾಲ ಮೇಲೆ ಇಟ್ಟು ಒತ್ತಿದಳು, ಸುಮ್ಮನಿರು ಎನ್ನುವ ಹಾಗೆ. ಸುಮ್ಮನಾದೆ. ರಾಯರು ಒತ್ತಿದರು. ನನ್ನ ಮೂರನೆಯ ಫೋಟೋ ಅದು.

ಫೋಟೋ ಬಂದಾಗ ನಾನು ಮೊದಲು ಹುಡುಕಿದ್ದು ಶಕ್ಕುವನ್ನಲ್ಲ, ಕಲೆಯನ್ನು. ಇದ್ದಲ್ಲೇ ಇತ್ತು, ಅಡಿಕೆಯ ಹೋಳಿನಷ್ಟು. ನಾನು ಬರೆದದ್ದಕ್ಕಿಂತ ಸಣ್ಣದು. ರಾಯರು ಮಾತು ಉಳಿಸಿಕೊಂಡಿದ್ದರು. ಆಮೇಲೆ ಪಕ್ಕದಲ್ಲಿ ಕುಳಿತ ಹೆಂಗಸು ಯಾರೆಂದು ನೋಡಿದೆ. ಹಣೆಯ ಮೇಲೆ ಒಂದು ಗೆರೆ ಇಲ್ಲ, ಗಲ್ಲದಲ್ಲಿ ಸುಕ್ಕಿಲ್ಲ, ಗದ್ದದ ಕೆಳಗಿನ ಜೋಲು ಚರ್ಮ ಎಲ್ಲಿಯೋ ಹೋಗಿದೆ. ರಾಯರಿಂದ ಮಾತು ತೆಗೆದುಕೊಂಡದ್ದು ಮದುಮಗಳ ಗಲ್ಲದ ಬಗ್ಗೆ ಮಾತ್ರ. ಮುದುಕಿಯ ಮುಖದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಕೈ ತುರಿಸಿರಬೇಕು ಪಾಪ.

ಇಷ್ಟು ವರ್ಷ ದುಡಿದು ಗಳಿಸಿದ ಸುಕ್ಕು ಒಂದನ್ನೂ ಬಿಡದೆ ಅಳಿಸಿದ್ದರು. ಮೋಸ ಅಂದರೆ ಇದೇ. ನಾನು ಎದ್ದು ಕಾಡಿಗೆಯ ಡಬ್ಬಿ ತಂದೆ. ಕಡ್ಡಿ ಅದ್ದಿದೆ. ಫೋಟೋವನ್ನು ಬೆಳಕಿಗೆ ಹಿಡಿದು, ಎಲ್ಲಿಂದ ಶುರು ಮಾಡಬೇಕೆಂದು ಸ್ವಲ್ಪ ಹೊತ್ತು ನೋಡಿದೆ. ಇನ್ನೂ ಸ್ವಲ್ಪ ಹೊತ್ತು ನೋಡಿದೆ.

ಆಮೇಲೆ ಡಬ್ಬಿಯ ಬಾಯಿ ಮುಚ್ಚಿ ಇದ್ದಲ್ಲಿ ಇಟ್ಟೆ. ಶ್ರೀಶೈಲದ ಫೋಟೋದ ಪಕ್ಕಕ್ಕೆ ಇದನ್ನೂ ತೂಗುಹಾಕು ಎಂದು ಮಲ್ಲಪ್ಪನಿಗೆ ಹೇಳಿದೆ. ಮುಂದಿನ ಸಲ ಜನಗಣತಿಯ ಮಾಸ್ತರರು ಬಂದು, ಚಪ್ಪಲಿ ಬಿಟ್ಟು, ಇವರು ಯಾರು ಎಂದು ಕೇಳಿದರೆ, ಚಹಾ ಕೊಡುತ್ತ, ನನ್ನ ಸಣ್ಣ ತಂಗಿ ಎಂದು ಬರೆಸಬೇಕೆಂದಿದ್ದೇನೆ.